ಮಳೆ ಲೆಕ್ಕಕ್ಕೆ ಹ್ಯೂಗೊ: ಮೂರು ಮಳೆಗಾಲ ಕಳೆದ ಮೇಲೆ

ಹ್ಯೂಗೊ ಅಂದರೆ ನಾವು ಬರೆದಿಟ್ಟ ಫೈಲುಗಳನ್ನು ವೆಬ್ ಪುಟಗಳಾಗಿ ಮಾಡಿಕೊಡುವ ಉಚಿತ ಸಾಫ್ಟ್‌ವೇರ್. ಅದನ್ನು ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಅದನ್ನು ಬಿಡಿ. ನನ್ನ ತಕರಾರು ಇದ್ದದ್ದು ಬೆಳಿಗ್ಗೆ ಎಂಟೂವರೆಯ ಜೊತೆ.

ಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಅಪ್ಪನ ಕಾಲದಿಂದಲೂ ಅಂಗಳದಲ್ಲಿ ಮಳೆಮಾಪಕ ಇದೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಅಂದರೆ 8.30ಕ್ಕೆ, ನೀರು ಅಳೆದು ಡೈರಿಯಲ್ಲಿ ಬರೆಯುವುದು ರೂಢಿ. ಡೈರಿಗೆ ಗೆದ್ದಲು ಹಿಡಿದ ಮೇಲೆ ಲೆಕ್ಕವನ್ನು ಒಂದು ಪುಟ್ಟ ಬ್ಲಾಗ್‌ಗೆ ಹಾಕೋಣ ಅನ್ನಿಸಿತು. ದುಡ್ಡು ಹಾಕುವ ಮನಸ್ಸಿರಲಿಲ್ಲ. ಹ್ಯೂಗೊಗೆ ಯಾರೋ ಮಾಡಿಟ್ಟ ಉಚಿತ ಟೆಂಪ್ಲೇಟ್ ಇಳಿಸಿಕೊಂಡು, ಪುಟಗಳನ್ನು ಪುಕ್ಕಟೆಯಾಗಿ ಇಟ್ಟುಕೊಳ್ಳುವ ಗಿಟ್‌ಹಬ್ ಪೇಜಸ್‌ಗೆ ಏರಿಸಿದೆ. ಸ್ವಂತ ಡೊಮೇನ್ ಕೂಡ ತಗೊಂಡಿಲ್ಲ. ಇವತ್ತಿಗೂ ಖರ್ಚು ಸೊನ್ನೆ.

ಮೊದಲ ಮಳೆಗಾಲ ಮಾತ್ರ ತಲೆ ಕೆಡಿಸಿತು. ಬೆಳಿಗ್ಗೆ ಬರೆದು ಸೇವ್ ಮಾಡಿದರೆ ಬರಹ ಕಾಣುವುದೇ ಇಲ್ಲ! ಎರರ್ ಕೂಡ ಇಲ್ಲ. ನಿನ್ನೆಯದು ಇದೆ, ಇವತ್ತಿನದು ಮಾಯ. ಡ್ರಾಫ್ಟ್ ಅಂತ ಉಳಿದಿದೆಯಾ ನೋಡಿದೆ, ಇರಲಿಲ್ಲ. ಟೆಂಪ್ಲೇಟ್ ಮಾಡಿದವನಿಗೆ ಮನಸ್ಸಲ್ಲೇ ಬೈದೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಮತ್ತೆ ಹ್ಯೂಗೊ ಓಡಿಸಿದರೆ ಬರಹ ಹಾಜರ್. ನಾನು ಒಂದಕ್ಷರ ಮುಟ್ಟಿರಲಿಲ್ಲ. ಅಷ್ಟರಲ್ಲಿ ಬೆಂಗಳೂರಿನಿಂದ ಚಿಕ್ಕಪ್ಪನ ಫೋನು: "ಇವತ್ತು ಮಳೆ ಬರ್ಲಿಲ್ವೇನೋ?" ಹೊರಗೆ ಧೋ ಅಂತ ಸುರಿಯುತ್ತಿತ್ತು.

ಒಂದು ವಾರ ಹೀಗೇ. ಕೊನೆಗೆ ನೋಡಿದರೆ ತಪ್ಪು ನನ್ನದೇ. ಹಳೇ ಫೈಲನ್ನು ಕಾಪಿ ಮಾಡಿ ತಾರೀಕು ತಿದ್ದುವಾಗ, ಕೊನೆಯಲ್ಲಿದ್ದ +05:30 ಅನ್ನು (ಇದು ಭಾರತದ ಸಮಯ ಅನ್ನುವ ಗುರುತು) ಕಸ ಅಂದುಕೊಂಡು ಅಳಿಸಿದ್ದೆ. ಅದಿಲ್ಲದಿದ್ದರೆ ಹ್ಯೂಗೊ ಆ ಗಂಟೆಯನ್ನು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ, ಅಂತ ತಿಳಿಯುತ್ತದೆ. ಯುಟಿಸಿಯ 8.30 ಅಂದರೆ ನಮ್ಮಲ್ಲಿ ಮಧ್ಯಾಹ್ನ 2 ಗಂಟೆ. ಇನ್ನೂ ಬಾರದ ಹೊತ್ತಿನ ಬರಹವನ್ನು ಅದು ಸುಮ್ನೆ ಪಕ್ಕಕ್ಕಿಡುತ್ತದೆ. ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲಿನಲ್ಲಿ ಟೈಮ್‌ಝೋನ್ 'ಏಷ್ಯಾ/ಕೋಲ್ಕತಾ' ಅಂತ ಒಂದು ಸಾಲು ಸೇರಿಸಿದೆ, ಮುಗಿಯಿತು. ತಪ್ಪು ನನ್ನದೇ ಸರಿ. ಆದರೂ "ಇದು ಮುಂದಿನ ಹೊತ್ತಿನದು" ಅಂತ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಫೈಲಿಗೆ ಕನ್ನಡದಲ್ಲಿ ಹೆಸರಿಡಬೇಡಿ. 'ಜೂನ್-ಮಳೆ-ಲೆಕ್ಕ' ಲಿಂಕಿನಲ್ಲಿ ಶೇಕಡಾ ಚಿಹ್ನೆಗಳ 110 ಅಕ್ಷರದ ಸರಪಳಿಯಾಗಿ, "ವೈರಸ್ ಇರ್ಬೇಕು, ಯಾರೂ ಒತ್ಬೇಡಿ" ಅಂತ ಅತ್ತೆ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರನ್ನೂ ಹೆದರಿಸಿದ್ದರು.

ಈಗ ಹ್ಯೂಗೊ ಇಲ್ಲದೆ ಬೆಳಗಾಗುವುದಿಲ್ಲ. ಒದ್ದೆ ಕೈ ಲುಂಗಿಗೆ ಒರೆಸಿಕೊಂಡು, ಕಾಫಿ ಲೋಟ ಪಕ್ಕಕ್ಕಿಟ್ಟು, "62 ಮಿ.ಮೀ." ಅಂತ ಬರೆದು ಸೇವ್ ಮಾಡಿದರೆ ಸಾಕು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 1313ರ ಪುಟ (ನನ್ನ ಲ್ಯಾಪ್‌ಟಾಪಿನಲ್ಲಷ್ಟೇ ಕಾಣುವ ಬ್ಲಾಗಿನ ಪ್ರತಿ) ಲೋಟ ಎತ್ತುವಷ್ಟರಲ್ಲಿ ತಾನೇ ಬದಲಾಗಿರುತ್ತದೆ. ಕರೆಂಟು, ನೆಟ್‌ವರ್ಕ್ ಎರಡೂ ಹೋಗಿದ್ದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇಷ್ಟು ನಡೆಯುತ್ತದೆ. ಸಿಗ್ನಲ್ ಬೇಕಾಗುವುದು ಏರಿಸುವಾಗ ಮಾತ್ರ. ಅದಕ್ಕೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಬರೀ ಅಕ್ಷರದ ಪುಟವಾದ್ದರಿಂದ ಪಕ್ಕದ ತೋಟದವರ ಹಳೇ ಫೋನಿನಲ್ಲೂ ತೆರೆಯುತ್ತದೆ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸುವ ಮೊದಲು ಅವರು ನಾಲ್ಕು ದಿನದ ಲೆಕ್ಕ ನೋಡಿಕೊಳ್ಳುತ್ತಾರೆ.

ಫೋನಿನಲ್ಲೇ ಬರೆಯುವ ಅಭ್ಯಾಸ ಇದ್ದವರಿಗೆ ಇದು ಬೇಡ, ಜಾಸ್ತಿ ಕಿರಿಕಿರಿ. ನನಗೆ ಸಾಕು. ಚಿಕ್ಕಪ್ಪ ಈಗಲೂ 9 ಗಂಟೆಗೆ ಪುಟ ತೆರೆಯುತ್ತಾರೆ. ಲೆಕ್ಕ ಕಾಣದಿದ್ದರೆ ಫೋನು ಮಾಡಿ ಕೇಳುವುದು ಒಂದೇ: "ಗುಡ್ಡ ಹತ್ಲಿಲ್ವೇನೋ?"