ಡಿಕನ್ಸಿಯನ್: ಕೊಲೆಗಿಂತ ಮದುವೆಯೇ ಹೆಚ್ಚು ಹೆದರಿಸಿತು

ನಮ್ಮ ಚಾನೆಲ್‌ಗಳಲ್ಲಿ ‘ಮಹಾಸಂಗಮ’ ಅಂತ ಮಾಡುತ್ತಾರಲ್ಲ, ಒಂದು ಸೀರಿಯಲ್ಲಿನವರು ಇನ್ನೊಂದು ಸೀರಿಯಲ್ಲಿನ ಮದುವೆಗೆ ಬಂದು ಕೂರುವುದು, ಬಿಬಿಸಿಯ ‘ಡಿಕನ್ಸಿಯನ್’ ಅದೇ. ಬಂದವರು ಮಾತ್ರ ಚಾರ್ಲ್ಸ್ ಡಿಕನ್ಸ್‌ನ ಬೇರೆ ಬೇರೆ ಕಾದಂಬರಿಗಳವರು. ಸ್ಕ್ರೂಜ್, ಫೇಗಿನ್, ಹ್ಯಾವಿಶಮ್ ಮನೆಯವರು ಎಲ್ಲರೂ ಲಂಡನ್ನಿನ ಒಂದೇ ಬೀದಿಯ ಸುತ್ತಮುತ್ತ. ಕುಡಿಯಲು ಸೇರುವುದು ‘ತ್ರೀ ಕ್ರಿಪಲ್ಸ್’ ಎಂಬ ಹೆಂಡದಂಗಡಿಯಲ್ಲಿ. 2015ರ ಡಿಸೆಂಬರ್‌ನಿಂದ 2016ರ ಫೆಬ್ರವರಿವರೆಗೆ ಬಂದ 20 ಕಂತುಗಳು, ತಲಾ ಅರ್ಧ ಗಂಟೆ. ಇದನ್ನು ಕಟ್ಟಿದ ಟೋನಿ ಜೋರ್ಡನ್ ಬಿಬಿಸಿಯದೇ ದೀರ್ಘ ಧಾರಾವಾಹಿ ‘ಈಸ್ಟ್‌ಎಂಡರ್ಸ್’ಗೆ ವರ್ಷಗಟ್ಟಲೆ ಬರೆದವರು. ಕಂತನ್ನು ಎಲ್ಲಿ ನಿಲ್ಲಿಸಿದರೆ ನಾವು ಎದ್ದು ಹೋಗಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಕಥೆ ಶುರುವಾಗುವುದು ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಸ್ಕ್ರೂಜನ ಪಾಲುದಾರ ಜೇಕಬ್ ಮಾರ್ಲಿಯ ಕೊಲೆಯಿಂದ. ‘ಎ ಕ್ರಿಸ್ಮಸ್ ಕ್ಯಾರಲ್’ ಶುರುವಾಗುವಾಗಲೇ ಸತ್ತು ಏಳು ವರ್ಷ ಆಗಿರುತ್ತದಲ್ಲ, ಅದೇ ಮಾರ್ಲಿ. ತನಿಖೆಗೆ ‘ಬ್ಲೀಕ್ ಹೌಸ್’ನ ಇನ್‌ಸ್ಪೆಕ್ಟರ್ ಬಕೆಟ್. ಸ್ಟೀಫನ್ ರೇ ಪಾತ್ರಕ್ಕೆ ಹೇಳಿ ಮಾಡಿಸಿದಂತಿದ್ದಾರೆ. ತನಿಖೆ ಮಾತ್ರ ಎಳೆದಾಡುತ್ತದೆ. ಇವನ ಮೇಲೆ ಅನುಮಾನ, ಬಿಡು, ಅವನ ಮೇಲೆ ಅನುಮಾನ, ಬಿಡು. ಕೊಂದವರು ಯಾರೆಂದು ಹೇಳಲ್ಲ, ಸುಮ್ನೆ ನಿಮ್ಮ ಮಜಾ ಯಾಕೆ ಕೆಡಿಸಲಿ.

ನನ್ನನ್ನು ಹಿಡಿದು ಕೂರಿಸಿದ್ದು ಅಮೀಲಿಯಾ ಹ್ಯಾವಿಶಮ್. ಬಿ.ಎ.ಯಲ್ಲಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಓದಿದವರಿಗೆ ಈಕೆ ಅಂದರೆ ಮದುವೆ ದಿನವೇ ವರ ಕೈಕೊಟ್ಟವಳು, ಹಳದಿಗಟ್ಟಿದ ಮದುವೆ ಬಟ್ಟೆ, ಒಂದೇ ಕಾಲಿಗೆ ಶೂ, ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ನಿಂತ ಗಡಿಯಾರಗಳು. ಇಲ್ಲಿ ಇನ್ನೂ ಅದ್ಯಾವುದೂ ಆಗಿಲ್ಲ. ಅಪ್ಪ ಈಗಷ್ಟೇ ತೀರಿಕೊಂಡಿದ್ದಾನೆ, ಬಿಯರ್ ಕಾರ್ಖಾನೆ ಇವಳ ಕೈಗೆ ಬಂದಿದೆ. ಅಕ್ಕನಿಗೇ ಜಾಸ್ತಿ ಕೊಟ್ಟ ಅನ್ನೋ ಉರಿಯಲ್ಲಿ ತಮ್ಮ ಆರ್ಥರ್, ಕಾಂಪೆಸನ್ ಎಂಬ ವಂಚಕನ ಜೊತೆ ಸೇರುತ್ತಾನೆ. ಆ ಕಾಂಪೆಸನ್ ನಯವಾಗಿ ನಗುತ್ತಾ ಇವಳ ಹತ್ತಿರ ಬರುವಾಗ ನನಗೆ ಹೊಟ್ಟೆಯಲ್ಲಿ ಸಂಕಟ. ಮುಂದೇನಾಗುತ್ತದೆ ಅಂತ ಗೊತ್ತಿದೆ, ಅದೇ ಕಷ್ಟ. ಆರ್ಥರ್ ಆಗಿರುವುದು ಜೋಸೆಫ್ ಕ್ವಿನ್, ಮುಂದೆ ‘ಸ್ಟ್ರೇಂಜರ್ ಥಿಂಗ್ಸ್’ನ ಎಡ್ಡಿಯಾಗಿ ಹೆಸರು ಮಾಡಿದವರು. ಮಾಡಿದ್ದು ತಪ್ಪು ಅಂತ ಗೊತ್ತು, ಹಿಂದೆ ಸರಿಯುವ ಧೈರ್ಯವಿಲ್ಲ, ಕುಡಿದು ಒದ್ದಾಡುತ್ತಾನೆ. ‘ಅಕ್ಕನಿಗೆ ಹೇಳಿಬಿಡೋ ಮಾರಾಯ’ ಅಂತ ಟಿವಿಗೇ ಬೈದೆ.

‘ಬ್ಲೀಕ್ ಹೌಸ್’ನಲ್ಲಿ ಮುಂದೆ ಲೇಡಿ ಡೆಡ್‌ಲಾಕ್ ಆಗುವ ಹೊನೋರಿಯಾ ಇಲ್ಲಿ ಅಮೀಲಿಯಾಳ ಗೆಳತಿ. ಈ ಜೋಡಿಯನ್ನು ಯೋಚಿಸಿದವರಿಗೆ ನನ್ನದೊಂದು ಸಲಾಂ. ‘ಆಲಿವರ್ ಟ್ವಿಸ್ಟ್’ನ ಬಂಬಲ್ ದಂಪತಿಯ ತಮಾಷೆ ಮಾತ್ರ ಬೇರೆಯೇ ಯಾವುದೋ ಸೀರಿಯಲ್ಲಿನದು ಅನ್ನಿಸಿತು. ಮೊದಲ ಕಂತುಗಳಲ್ಲಿ ಮುಖಗಳ ಜಾತ್ರೆ ಜಾಸ್ತಿ, ಸ್ವಲ್ಪ ತಾಳ್ಮೆ ಬೇಕು. ಒಂದೇ ಸೀಸನ್‌ಗೆ ಬಿಬಿಸಿ ನಿಲ್ಲಿಸಿಬಿಟ್ಟಿತು, ಅದು ಅನ್ಯಾಯ ಅಲ್ವಾ?

ನೋಡುವುದಾದರೆ ಮೊದಲು ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಓದಿಕೊಳ್ಳಿ. ಓದದೆ ಕೂತರೆ ಕಾಂಪೆಸನ್ ನಿಮಗೂ ಇಷ್ಟವಾಗಿಬಿಡುತ್ತಾನೆ.