ಎಕ್ಸೆಲ್, ಜಿಜಿಪ್ಲಾಟ್, ಪೆನ್ಸಿಲ್: ಒಳ್ಳೆಯ ಚಾರ್ಟ್ ಮಾಡೋದನ್ನ ಯಾವುದು ಕಲಿಸುತ್ತದೆ?

ಚಾರ್ಟ್ ಹಾಕುವುದು ಈಗ ಎರಡು ಕ್ಲಿಕ್ಕಿನ ಕೆಲಸ. ನೋಡಿದವರು ಹೌದೆಂದು ಒಪ್ಪುವಂಥ ಚಾರ್ಟ್ ಹಾಕುವುದು ಬೇರೆಯೇ ವಿದ್ಯೆ. ಅದನ್ನು ಕಲಿಯಲು ನಾನು ಎಕ್ಸೆಲ್, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಾರ್ಟ್ ಬಿಡಿಸುವ ಜಿಜಿಪ್ಲಾಟ್2, ಗ್ರಾಫ್ ಹಾಳೆ-ಪೆನ್ಸಿಲ್ ಮೂರನ್ನೂ ಬಳಸಿ ನೋಡಿದೆ.

ಎಕ್ಸೆಲ್‌ನಲ್ಲಿ ಕೈಗೆ ಬೇಗ ಏನೋ ಸಿಗುತ್ತದೆ, ತೊಂದರೆಯೂ ಅದೇ. 94, 95, 97 ಎಂದು ಮೂರು ಸಂಖ್ಯೆ ಕೊಟ್ಟು ಕಂಬದ ಚಾರ್ಟ್ ಕೇಳಿದೆ. ಸಂಖ್ಯೆಗಳು ಹೀಗೆ ಹತ್ತಿರಹತ್ತಿರ ಇದ್ದರೆ ಅದು ತಾನಾಗಿ ಅಕ್ಷವನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. 97ರ ಕಂಬ 94ರ ಕಂಬದ ದುಪ್ಪಟ್ಟಿಗೂ ಮೀರಿ ಎದ್ದು ನಿಂತಿತು. ಇರುವ ವ್ಯತ್ಯಾಸ ಮೂರೇ ಮೂರು! ಕಂಬದಲ್ಲಿ ಕಣ್ಣು ಅಳೆಯುವುದು ಉದ್ದವನ್ನು. ಬುಡ ಕತ್ತರಿಸಿದರೆ ಅದು ಸುಳ್ಳು ಹೇಳಿದ ಹಾಗೇ. (ಗೆರೆಯ ಚಾರ್ಟಿಗೆ ಈ ಕಟ್ಟುಪಾಡಿಲ್ಲ, ಅಲ್ಲಿ ನಾವು ನೋಡುವುದು ಏರಿಳಿತವನ್ನು.)

ಅದೇ ಸಂಖ್ಯೆಗಳನ್ನು ಜಿಜಿಪ್ಲಾಟ್2ಗೆ ಕೊಟ್ಟರೆ ಕಂಬಗಳು ಸೊನ್ನೆಯಿಂದಲೇ ಏಳುತ್ತವೆ. ಬೇಕಂತಲೇ ವೈಲಿಮ್ (ಅಕ್ಷದ ಮಿತಿ ಹೇಳುವ ಆದೇಶ) ಹಾಕಿ ಅಕ್ಷವನ್ನು 90ರಿಂದ 100ಕ್ಕೆ ಕಟ್ಟಿದೆ. ಕಂಬಗಳೇ ಮಾಯ! ಜೊತೆಗೆ ಡೇಟಾದ ಸಾಲುಗಳನ್ನು ತೆಗೆದುಹಾಕಿದ್ದೇನೆಂಬ ಎಚ್ಚರಿಕೆ. ಸೊನ್ನೆಯಲ್ಲಿರುವ ಬುಡ ಮಿತಿಯ ಆಚೆ ಹೋಯಿತಲ್ವಾ, ಅದಕ್ಕೆ. ಕತ್ತರಿಸಲೇಬೇಕೆಂದರೆ ಬೇರೆ ದಾರಿ ಇದೆ, ಆದರೆ ಗೊತ್ತಿದ್ದೇ ಕೇಳಬೇಕು. ಆರ್‌ನ ಇನ್ನೊಂದು ಲಾಭ: ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ಡೇಟಾ ಗುಂಪುಗಳು ಅದರ ಜೊತೆಗೇ ಬರುತ್ತವೆ. ನಾಲ್ಕರಲ್ಲೂ ಎಕ್ಸ್‌ನ ಸರಾಸರಿ 9, ವೈನದು ಸುಮಾರು 7.5, ಎರಡರ ಪರಸ್ಪರ ಸಂಬಂಧ (ಕೋರಿಲೇಶನ್) ಸುಮಾರು 0.816. ಆದರೆ ಚುಕ್ಕೆ ಹಾಕಿ ನೋಡಿದರೆ ನಾಲ್ಕೂ ಬೇರೆಬೇರೆ: ಒಂದು ಸಾಧಾರಣ ಓರೆ ಗೆರೆ, ಒಂದು ಬಿಲ್ಲು, ಉಳಿದೆರಡರಲ್ಲಿ ಒಂದೇ ಒಂದು ಚುಕ್ಕೆ ಲೆಕ್ಕವನ್ನೆಲ್ಲ ಕೆಡಿಸಿದೆ. ಕೋಡ್ ಬರೆಯಲು ಒಗ್ಗದವರಿಗೆ ಮಾತ್ರ ಶುರುವಿನಲ್ಲಿ ಸುಸ್ತಾಗುತ್ತದೆ.

ಜಾಸ್ತಿ ಕಲಿಸಿದ್ದು ಪೆನ್ಸಿಲ್. ಶೇ. 23, 21, 20, 19, 17 ಎಂದು ಐದು ಪಾಲುಗಳಿದ್ದವು. ಪೈ ಚಾರ್ಟ್ ಬಿಡಿಸಲು ಕೋನಮಾಪಕ ಹಿಡಿದೆ. ಶೇ. 1ಕ್ಕೆ 3.6 ಡಿಗ್ರಿ. ಅಂದರೆ ಮೊದಲ ಪಾಲು 82.8, ಎರಡನೆಯದು 75.6. ಬಿಡಿಸಿದ ಮೇಲೆ ಯಾವುದು ದೊಡ್ಡದು ಅಂತ ನನಗೇ ಹೇಳಲಾಗಲಿಲ್ಲ. ಅವನ್ನೇ ಕಂಬ ಮಾಡಿ ಒಂದೇ ಬುಡದ ಮೇಲೆ ನಿಲ್ಲಿಸಿದಾಗ ಸಾಲು ಇಳಿಯುವುದು ಥಟ್ಟನೆ ಕಂಡಿತು. ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್ಲೆಂಡ್ ಮತ್ತು ಮೆಕ್‌ಗಿಲ್ 1984ರಲ್ಲಿ ಜನರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದೂ ಇದನ್ನೇ: ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನವನ್ನು ನಾವು ಸರಿಯಾಗಿ ಅಂದಾಜಿಸುತ್ತೇವೆ, ಕೋನ ಮತ್ತು ವಿಸ್ತೀರ್ಣದಲ್ಲಿ ಎಡವುತ್ತೇವೆ.

ಕೈಯಲ್ಲಿ ಗೆರೆ ಎಳೆಯುವಾಗ ಸುಮ್ನೆ ಅಲಂಕಾರ ಮಾಡಲು ಬೇಜಾರು. ಹಿನ್ನೆಲೆಯ ಚೌಕಳಿ, ಐದು ಬಣ್ಣ, ಪಕ್ಕದ ಸೂಚಿ ಎಲ್ಲ ತಾವಾಗೇ ಬಿದ್ದುಹೋಗುತ್ತವೆ. ಏನು ಹೇಳಬೇಕೆಂದು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಇನ್ನೊಂದು ಚಾರ್ಟಿನಲ್ಲಿ ‘ತಿಂಗಳವಾರು ದೂರುಗಳು’ ಎಂಬ ತಲೆಬರಹ ಅಳಿಸಿ ‘ಮಾರ್ಚ್ ನಂತರ ದೂರುಗಳು ಅರ್ಧಕ್ಕಿಳಿದಿವೆ’ ಎಂದು ಬರೆದೆ, ಮಾರ್ಚ್‌ಗೆ ಒಂದು ಗುರುತು ಹಾಕಿದೆ. ಮನವೊಲಿಸುವ ಕೆಲಸ ಮುಕ್ಕಾಲು ಅಲ್ಲೇ ಮುಗಿಯಿತು.

ಹಾಗಾಗಿ ಹೊಸಬರಿಗೆ ನನ್ನ ಆಯ್ಕೆ ಪೆನ್ಸಿಲ್, ಆಮೇಲೆ ಜಿಜಿಪ್ಲಾಟ್2. ನೂರಾರು ಸಾಲಿನ ಡೇಟಾ ಬಂದರೆ ಪೆನ್ಸಿಲ್ ಕೈಕೊಡುತ್ತದೆ, ಆಗ ಕರಡು ಮಾತ್ರ ಹಾಳೆಯ ಮೇಲೆ. ಕೋಡ್ ಬೇಡ ಅನ್ನುವವರು ಎಕ್ಸೆಲ್‌ನಲ್ಲೇ ಮುಂದುವರಿಯಬಹುದು. ಆದರೆ ಕಂಬ ಹಾಕಿದ ಕೂಡಲೇ ಅಕ್ಷದ ಮೇಲೆ ರೈಟ್ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಆಕ್ಸಿಸ್‌ಗೆ ಹೋಗಿ, ಮಿನಿಮಮ್ ಜಾಗದಲ್ಲಿ 0 ಬರೆಯಿರಿ.