ಸಿಲಿಂಡರ್, ಇಂಡಕ್ಷನ್, ಗೋಬರ್ ಗ್ಯಾಸ್, ಅಸ್ತ್ರ ಒಲೆ: ನಾಲ್ಕರಲ್ಲೂ ಅಡಿಗೆ ಮಾಡಿ ನೋಡಿದ್ದು

ನಮ್ಮದು ಶಿರಸಿ ಕಡೆ ಏಳು ಮನೆಯ ಕೇರಿ, ಡಾಂಬರ್ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು, ಅಲ್ಲಿದ್ದ ಗ್ಯಾಸ್ ಟ್ಯಾಂಕರ್ ಗಂಗಾವಳಿಯಲ್ಲಿ ತೇಲಿಹೋದದ್ದು ಎಲ್ಲರಿಗೂ ನೆನಪಿರ್ತದೆ. ಆ ವಿಡಿಯೋ ನೋಡ್ತಾ ಕೂತಾಗ ನಮ್ಮನೆ ಸಿಲಿಂಡರ್ ಖಾಲಿಯಾಗಿ ನಾಲ್ಕು ದಿನ, ನಮ್ಮ ಕಡೆ ಘಟ್ಟದಲ್ಲೂ ಮಣ್ಣು ಜಾರಿ ಸಿಲಿಂಡರ್ ಗಾಡಿ ಹದಿನೇಳು ದಿನ ಬರಲೇ ಇಲ್ಲ, ಕರೆಂಟಂತೂ ಮರ ಬಿದ್ದು ಹೋದದ್ದು ಹೋಗೇ ಬಿಟ್ಟಿತ್ತು. ಕೆಳಗಿನಮನೆ ಅತ್ತಿಗೆ ಮಾತ್ರ ಬಚ್ಚಲ ಪಕ್ಕದ ಹಳೇ ಅಸ್ತ್ರ ಒಲೆ (ಚಿಮಣಿ ಇರೋ, ಸೌದೆ ಕಡಿಮೆ ತಿನ್ನೋ ಒಲೆ) ಹೊತ್ತಿಸಿ ಮೂರು ಮನೆಗೆ ಅನ್ನ ಮಾಡಿ ಕೊಟ್ರು.

ಆವಾಗಿಂದ ನಾನು ನಾಲ್ಕನ್ನೂ ಸರಿಯಾಗಿ ಬಳಸಿ ನೋಡೋಣ ಅಂತ ಹೊರಟೆ. ಮನೆಯಲ್ಲಿ ಆರು ಜನ, ಅಡಿಗೆ ಮಾಡೋಳು ನಾನು ಮತ್ತೆ ಅತ್ತೆ. ಮೊದಲು ಒಂದೇ ಪಾತ್ರೆಯಲ್ಲಿ ಮೂರು ಲೀಟರ್ ನೀರು ಕುದಿಸಿ ಟೈಮ್ ನೋಡಿದೆ. ಇಂಡಕ್ಷನ್ ಹತ್ತು ನಿಮಿಷ, ಸಿಲಿಂಡರ್ ಹನ್ನೆರಡು ಹದಿಮೂರು, ಗೋಬರ್ ಗ್ಯಾಸ್ ಹದಿನಾರು, ಅಸ್ತ್ರ ಒಲೆ ಹದಿನಾಲ್ಕು ಆದ್ರೆ ಅದಕ್ಕೆ ಬೆಂಕಿ ಹಿಡಿಸೋ ಐದಾರು ನಿಮಿಷ ಬೇರೆ. ಅಂದ್ರೆ ಸ್ಪೀಡಿನಲ್ಲಿ ಅಂಥಾ ದೊಡ್ಡ ವ್ಯತ್ಯಾಸ ಏನೂ ಇಲ್ಲ.

ಸಿಲಿಂಡರ್ ಬಗ್ಗೆ ಕೆಟ್ಟದ್ದು ಹೇಳೋಕೆ ನಂಗೆ ಮನಸ್ಸಿಲ್ಲ. ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡೇ ಮೂವತ್ತು ವರ್ಷ ಅಡಿಗೆ ಮಾಡಿದ ಅತ್ತೆ ಅದನ್ನ ದೇವರು ಅಂತಾರೆ, ತಪ್ಪೇನಿಲ್ಲ. ಆದ್ರೆ ನಮ್ಮ ದೇಶದಲ್ಲಿ ಉರಿಯೋ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು, ಅದರಲ್ಲೂ ಬಹುಪಾಲು ಕೊಲ್ಲಿ ದೇಶಗಳಿಂದ ಹಡಗಲ್ಲಿ ಬರೋದು. ಅಲ್ಲಿ ಯುದ್ಧ ಆದ್ರೂ ಇಲ್ಲಿ ಗುಡ್ಡ ಜಾರಿದ್ರೂ ಪೆಟ್ಟು ಬೀಳೋದು ನಮ್ಮ ಸಾರಿನ ಪಾತ್ರೆಗೆ, ಅಷ್ಟಾದ್ರೂ ಆ ದಾರಿಯಲ್ಲಿ ಎಲ್ಲೂ ನಾವು ಕೈ ಹಾಕಿ ರಿಪೇರಿ ಮಾಡೋ ಹಾಗಿಲ್ಲ, ಫೋನ್ ಮಾಡಿ ಕಾಯೋದೊಂದೇ.

ಇಂಡಕ್ಷನ್ ನಂಗೆ ಭಾರೀ ಇಷ್ಟ ಆಗಿತ್ತು. ಚೊಕ್ಕ, ಬೇಗ, ಹಾಲು ಕಾಯಿಸೋಕೆ ಅದರಷ್ಟು ಒಳ್ಳೇದು ಯಾವುದೂ ಇಲ್ಲ. ಆದ್ರೆ ಸಂಜೆ ಎಲ್ಲರೂ ಪಂಪು ಹಾಕೋ ಹೊತ್ತಿಗೆ ವೋಲ್ಟೇಜ್ ಇಳಿದು ಕುಂಯ್ ಅಂತ ಆಫ್ ಆಗ್ತದೆ, ಇನ್ವರ್ಟರ್ ಮೇಲೆ ಎರಡು ಸಾವಿರ ವ್ಯಾಟ್ ನಡೆಯೋದಿಲ್ಲ. ಗೃಹಜ್ಯೋತಿಯಲ್ಲಿ ನಮಗಿದ್ದ ಉಚಿತ ಯೂನಿಟ್ಟಿನ ಲಿಮಿಟ್ ಕೂಡ ದಾಟಿ ಬಿಲ್ ಬರೋಕೆ ಶುರುವಾಯ್ತು. ಸೂಪಾ, ಕೊಡಸಳ್ಳಿ, ಕದ್ರಾ ಡ್ಯಾಮು, ಕೈಗಾ ಅಣು ವಿದ್ಯುತ್ ಸ್ಥಾವರ ಎಲ್ಲ ನಮ್ಮ ಜಿಲ್ಲೆಯಲ್ಲೇ ಇರೋದು, ಆದ್ರೂ ಮಳೆಗಾಲದಲ್ಲಿ ನಮ್ಮ ಕೇರಿ ವಾರಗಟ್ಟಲೆ ಕತ್ತಲೆ, ಇದನ್ನ ನೆನೆಸಿದ್ರೆ ಹೊಟ್ಟೆ ಉರೀತದೆ. ಗ್ರಿಡ್ಡಿಗೆ ಬರೋ ಕರೆಂಟಲ್ಲಿ ರಾಯಚೂರು ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳ ಪಾಲೂ ಇದ್ದೇ ಇದೆ, ಹಾಗಾಗಿ ಇದೇನು ಪೂರ್ತಿ ಬಿಡುಗಡೆ ಅಲ್ಲ.

ಇನ್ನು ಗೋಬರ್ ಗ್ಯಾಸ್. ನಮ್ಮ ತಾಲೂಕಲ್ಲಿ ಇದು ಹೊಸದಲ್ಲ, ಶಿರಸಿಯಲ್ಲಿ ಗೋಬರ್ ಗ್ಯಾಸ್ ಹೇಗೆ ಮನೆಮನೆಗೆ ಹಬ್ಬಿತು ಅಂತ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನವನ್ನೇ ಮಾಡಿದ್ದಾರೆ. ನಮ್ಮ ಮಾವನೂ ಎರಡು ಘನ ಮೀಟರಿನ ದೀನಬಂಧು ಮಾದರಿ (ನೆಲದಡಿ ಗುಮ್ಮಟದ ಹಾಗೆ ಕಟ್ಟೋ ಗೋಬರ್ ಗ್ಯಾಸ್ ಗುಂಡಿ) ಕಟ್ಟಿಸಿದ್ರು, ಆಮೇಲೆ ದನ ಕಡಿಮೆ ಆಯ್ತು, ಸಿಲಿಂಡರ್ ಬಂತು, ಹನ್ನೊಂದು ವರ್ಷ ಅದರ ಮೇಲೆ ಬಸಳೆ ಚಪ್ಪರ ಇತ್ತು. ಚಪ್ಪರ ತೆಗೆದು, ಮುಚ್ಚಳ ತೆರೆದು ಒಳಗಿಂದು ಪೂರ್ತಿ ಖಾಲಿ ಮಾಡಿಸಿ ವಾರಗಟ್ಟಲೆ ಗಾಳಿಗೆ ಬಿಟ್ವಿ (ದಯವಿಟ್ಟು ಯಾರೂ ತೆರೆದ ಕೂಡಲೇ ಒಳಗೆ ಇಳೀಬೇಡಿ, ಉಸಿರುಗಟ್ಟಿ ಜೀವವೇ ಹೋಗ್ತದೆ). ಪಕ್ಕದೂರಿನ ಗಾರೆ ಕೆಲಸದವರು ಗುಮ್ಮಟದ ಬಿರುಕು ಮುಚ್ಚಿದ್ರು, ಪೈಪಿನ ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳ್ತದಾ ಅಂತ ನಾನೇ ನೋಡಿದೆ.

ನಿಜವಾದ ಸಮಸ್ಯೆ ಸಗಣಿ. ಒಂದು ಘನ ಮೀಟರ್ ಗ್ಯಾಸಿಗೆ ಹತ್ತಿರ ಹತ್ತಿರ 25 ಕೆಜಿ ಸಗಣಿ ಬೇಕು, ಅಷ್ಟು ಗ್ಯಾಸು ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮ. ನಮ್ಮ ಎರಡು ಆಕಳಿಂದ ಸಿಗೋದು ಇಪ್ಪತ್ತು ಕೆಜಿ ಚಿಲ್ಲರೆ, ಬೆಳಗಿನ ತಿಂಡಿ ಮತ್ತೆ ಮಧ್ಯಾಹ್ನದ ಅನ್ನಕ್ಕೇ ಮುಗೀತು, ರಾತ್ರಿಗೆ ಜ್ವಾಲೆ ಸಾಸಿವೆ ಸಿಡಿಸೋಕೂ ಸಾಕಾಗೋದಿಲ್ಲ. ಆವಾಗ ಕೆಳಗಿನಮನೆ ಅತ್ತಿಗೇನೇ ಹೇಳಿದ್ದು, "ನಮ್ಮನೆ ಸಗಣಿ ಸುಮ್ನೆ ಗೊಬ್ಬರಗುಂಡಿಗೆ ಹೋಗ್ತದೆ ಮಾರಾಯ್ತಿ, ತಗಂಡ್ ಹೋಗು, ಸ್ಲರಿ ಮಾತ್ರ ನಮ್ಮ ತೋಟಕ್ಕೂ ಬಿಡು." ಅವರದ್ದು, ಮೇಲಿನಮನೆಯವರದ್ದು ಸೇರಿ ಈಗ ದಿನಾ ನಲವತ್ತು ಕೆಜಿ ಹತ್ತಿರ ಬೀಳ್ತದೆ. ಸ್ಲರಿ (ಗ್ಯಾಸ್ ಬಂದ ಮೇಲೆ ಹೊರಬೀಳೋ ಸಗಣಿ ರಾಡಿ) ಸರದಿ ಪ್ರಕಾರ ಮೂರೂ ತೋಟಕ್ಕೆ ಹೋಗ್ತದೆ, ಅವರ ಮನೆಯಲ್ಲಿ ಗ್ಯಾಸ್ ಮುಗಿದ ದಿನ ನಮ್ಮ ಅಡಿಗೆಮನೆಗೇ ಅಕ್ಕಿ ತೊಳೆದು ತರ್ತಾರೆ.

ಮಳೆಗಾಲದ ಥಂಡಿಗೆ ಗ್ಯಾಸ್ ಇಳೀತದೆ, ಸಗಣಿ ಕಲಸೋಕೆ ಉಗುರುಬೆಚ್ಚಗಿನ ನೀರು ಹಾಕಿದ್ರೆ ಸ್ವಲ್ಪ ವಾಸಿ. ಪೈಪಲ್ಲಿ ನೀರು ನಿಂತ್ರೆ ಜ್ವಾಲೆ ಕುಣೀತದೆ, ಕೆಳಗಿನ ನಲ್ಲಿ ತಿರುಗಿಸಿ ಬಿಟ್ರೆ ಆಯ್ತು. ಒಲೆ ಮಾತ್ರ ಗೋಬರ್ ಗ್ಯಾಸಿಂದೇ ಬೇಕು, ಸಿಲಿಂಡರ್ ಒಲೆಯ ಜೆಟ್ಟಿನ ತೂತು ಇದಕ್ಕೆ ತೀರಾ ಸಣ್ಣ.

ಅಸ್ತ್ರ ಒಲೆ ಬಗ್ಗೆ ಸಣ್ಣದಾಗಿ ಹೇಳ್ತೇನೆ. ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಶುರು ಮಾಡಿದ ಅಸ್ತ್ರ ಕೇಂದ್ರದಿಂದ ಬಂದ ಒಲೆ ಇದು, ಸೌದೆ ಕಡಿಮೆ, ಹೊಗೆ ಚಿಮಣಿಯಲ್ಲಿ ಹೊರಗೆ. ಕರಟ, ತೆಂಗಿನ ಸಿಪ್ಪೆ, ಒಣಗಿದ ಸೋಗೆದಿಂಡು ಎಲ್ಲ ನಡೀತದೆ. ತಿಂಗಳಿಗೊಮ್ಮೆ ಚಿಮಣಿಯ ಮಸಿ ತೆಗೀದಿದ್ರೆ ಹೊಗೆ ವಾಪಸ್ ಅಡಿಗೆಮನೆಗೇ. ದಿನಾ ಅಡಿಗೆಗೆ ನಾನಿದನ್ನ ಒಪ್ಪೋದಿಲ್ಲ, ಅತ್ತೆ ಕಣ್ಣು ನೋಡಿದ್ರೆ ಗೊತ್ತಾಗ್ತದೆ ಯಾಕೆ ಅಂತ, ಆದ್ರೆ ಎಲ್ಲ ಕೈಕೊಟ್ಟ ದಿನಕ್ಕೆ ಕೇರಿಗೆ ಎರಡಾದ್ರೂ ಇರಲೇಬೇಕು.

ಈಗ ನಮ್ಮನೆ ಲೆಕ್ಕ ಹೀಗೆ: ಮುಖ್ಯ ಅಡಿಗೆ ಗೋಬರ್ ಗ್ಯಾಸು, ಹಾಲು ಚಾ ಇಂಡಕ್ಷನ್, ಸ್ನಾನದ ನೀರು ಒಲೆ. ಮೂವತ್ತೆರಡು ದಿನಕ್ಕೆ ಮುಗೀತಿದ್ದ ಸಿಲಿಂಡರ್ ಈಗ ಐದು ತಿಂಗಳು ಬರ್ತದೆ, ನೆಂಟರು ಬಂದ್ರೆ ಮಾತ್ರ ಅದು. ಏಜೆನ್ಸಿಗೆ ವಾಪಸ್ ಕೊಡೋ ಯೋಚನೆ ನಂಗಿಲ್ಲ, ಮಳೆಗಾಲಕ್ಕೆ ತುಂಬಿದ್ದು ಒಂದು ಕೇರಿಗೆ ಅಂತಲೇ ಎತ್ತಿಡ್ತೇವೆ. ಅಡಿಕೆ ಬೇಯಿಸೋದಕ್ಕೆ ಮಾತ್ರ ಈ ನಾಲ್ಕರಲ್ಲಿ ಯಾವುದೂ ಆಗಿಬರಲಿಲ್ಲ, ಆ ದೊಡ್ಡ ಹಂಡೆಗೆ ಇವತ್ತಿಗೂ ಗಾಡಿಗಟ್ಟಲೆ ಸೌದೆ ಬೇಕು. ಈ ಸಲ ಕೊಯ್ಲಿಗೆ ಅಡಿಕೆ ಸಿಪ್ಪೆಯನ್ನೇ ಉರಿಸಿ ನೋಡೋಣ ಅಂತ ಮೂರು ಮನೆಯವರೂ ಸಿಪ್ಪೆ ಒಣಗಿಸಿ ಅಟ್ಟದ ಮೇಲೆ ಹಾಕಿಟ್ಟಿದ್ದೇವೆ.